ಮೂರನೆಯ ಸಪ್ಪಳ

ಜೂನ್ 9, ಸೋಮವಾರ, ಬೆಳಿಗ್ಗೆ 5:10. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ಅಪ್ಪ ನನ್ನ ಬ್ಯಾಗಿನ ಜಿಪ್ಪನ್ನು ಎರಡನೆಯ ಸಲ ಎಳೆದು ನೋಡಿದ ಹೊತ್ತಿಗೆ ನನ್ನ ಮೊದಲ ವಿದೇಶ ಪ್ರವಾಸ ಶುರುವಾಯಿತೆಂದು ಬರೆದುಕೊಂಡಿದ್ದೇನೆ. ಸಾಮಾನು: ದೊಡ್ಡ ಬ್ಯಾಗು ಒಂದು, ಕೈಚೀಲ ಒಂದು, ಡೈರಿ ಒಂದು, ಅವ್ವ ಮಾಡಿಕೊಟ್ಟ ಕಡಕ್ ರೊಟ್ಟಿ ನಲವತ್ತೆರಡು.

ಹೋಗಬೇಕಾಗಿದ್ದು ದಕ್ಷಿಣ ಆಫ್ರಿಕಾದ ಡರ್ಬನ್ನಿಗೆ. ಅಪ್ಪನ ತಮ್ಮ ಗೌತಮ ಕಾಕಾ ಆರು ವರ್ಷಗಳಿಂದ ಅಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ. ಮಾರ್ಚ್ 13ರ ಸಂಜೆ ಮನೆಯ ಅಂಗಳದಲ್ಲಿ ಫೋನಿನಲ್ಲಿ ಮಾತಾಡುತ್ತ ನಿಂತವನನ್ನು ಇಬ್ಬರು ಗುಂಡು ಹಾರಿಸಿ ಕೊಂದರು. ಒಯ್ದದ್ದು ಫೋನು ಮಾತ್ರ. ಅಂದಿನಿಂದ ಅವನ ಮಗಳು, ಹದಿನಾರು ವರ್ಷದ ಸುಜಾತಾ, ಮನೆಯ ಮುಂಬಾಗಿಲು ದಾಟಿರಲಿಲ್ಲ. ಶಾಲೆಯ ಪಾಠ ಮನೆಗೇ ಬರುತ್ತಿತ್ತು. ನಾನು ಹೊರಟ ದಿನಕ್ಕೆ ಎಂಬತ್ತೆಂಟು ದಿನ. ರೈಲು ಅಲುಗಿದ ಮೇಲೆ ಅಪ್ಪ ಕಿಟಕಿಯ ಪಕ್ಕ ನಡೆಯುತ್ತ ಒಂದೇ ಮಾತು ಹೇಳಿದ: “ಆ ಹುಡುಗಿನ್ನ ಬಾಗಿಲ ದಾಟಿಸಿ ಬಾ.”

ನನಗೆ ಇದು ಆಗುವ ಕೆಲಸವೆಂದೇ ಅನ್ನಿಸಿತ್ತು. ವಾಡಿಯ ಹತ್ತಿರದ ಒಂದು ಸಣ್ಣ ಸುಣ್ಣದಕಲ್ಲಿನ ಗಣಿಯಲ್ಲಿ ನಾನು ಸ್ಫೋಟದ ರಿಜಿಸ್ಟರ್ ಬರೆಯುತ್ತೇನೆ. ಎಷ್ಟು ಕುಳಿಗಳಲ್ಲಿ ಮದ್ದು ತುಂಬಿದರು, ಎಷ್ಟು ಸಿಡಿದದ್ದು ಕೇಳಿಸಿತು ಎಂಬುದೇ ಅದರ ಮುಖ್ಯ ಲೆಕ್ಕ. ಎರಡರ ನಡುವೆ ಒಂದು ವ್ಯತ್ಯಾಸ ಬಂದರೂ ಅರ್ಧ ಗಂಟೆ ಯಾರೂ ಒಳಗೆ ಕಾಲಿಡುವಂತಿಲ್ಲ. ಎಲ್ಲೋ ಒಂದು ಕುಳಿಯಲ್ಲಿ ಸಿಡಿಯದ ಮದ್ದು ಕೂತಿರುತ್ತದೆ. ಅದನ್ನು ಹುಡುಕಿ ತೆಗೆದ ಮೇಲೆಯೇ ಸೈರನ್ನು, ಆಮೇಲೆ ಕೆಲಸ. ಸುಜಾತಾಳ ವಿಷಯದಲ್ಲೂ ಏನೋ ಒಂದು ಲೆಕ್ಕ ತಾಳೆಯಾಗಿಲ್ಲ, ಹುಡುಕಿದರೆ ಸಿಗುತ್ತದೆ ಎಂದು ರೈಲಿನಲ್ಲಿಯೇ ಬರೆದಿಟ್ಟೆ.

ಡರ್ಬನ್ ವಿಮಾನ ನಿಲ್ದಾಣ, ಜೂನ್ 10

ಕಸ್ಟಮ್ಸ್‌ನ ಮನುಷ್ಯ ನನ್ನ ರೊಟ್ಟಿಯ ಕಟ್ಟು ಬಿಚ್ಚಿದ. ಒಂದನ್ನು ತೆಗೆದು ಬೆಳಕಿಗೆ ಹಿಡಿದ, ಬೆರಳಿನಿಂದ ತಟ್ಟಿ ಕಿವಿಗೊಟ್ಟ. ನಮ್ಮ ಕಡೆ ಹೆಂಚು ಕೊಳ್ಳುವವರು ಹೀಗೆ ತಟ್ಟಿ ನೋಡುತ್ತಾರೆ. ಇದು ಊಟ ಎಂದೆ. ಅವನು ನಂಬಲಿಲ್ಲ. ಒಂದನ್ನು ಮುರಿದು ಅವನೆದುರೇ ತಿಂದೆ. ನೀರಿಲ್ಲದೆ ಕಡಕ್ ರೊಟ್ಟಿ ತಿಂದವರಿಗೆ ಗೊತ್ತು ಅದು ಎಷ್ಟು ಹೊತ್ತು ಹಿಡಿಯುತ್ತದೆಂದು. ಹಿಂದಿನ ಸಾಲಿನ ಜನ ಕಾದರು. ಕೊನೆಗೆ ಅವನು ನಕ್ಕು ಚೀಲ ಮುಚ್ಚಿದ. ತಿಂದದ್ದು ಒಂದು, ಮುರಿದದ್ದು ಆರು, ಮನೆ ಮುಟ್ಟಿದ್ದು ಮೂವತ್ತೈದು.

ಕಾಕಾನ ಹೆಂಡತಿ ರಮಾ ಕಾಕು ನನ್ನನ್ನು ಕರೆದೊಯ್ಯಲು ಕಾರು ತಂದಿದ್ದಳು. ನಮ್ಮ ಕಡೆಯ ಕುರಕುಂಟಾದ ಹೆಣ್ಣುಮಗಳು, ಊರಲ್ಲಿದ್ದಾಗ ಸೈಕಲ್ಲನ್ನೂ ಮುಟ್ಟಿರಲಿಲ್ಲ. ಮನೆಯ ಬೀದಿಗೆ ತಿರುಗಿದ ಕೂಡಲೇ ಅವಳು ಎರಡು ಸಣ್ಣ ಹಾರನ್ ಹೊಡೆದಳು. ಪಕ್ಕದ ಮನೆಯ ಪರದೆ ಸರಿಯಿತು. ಒಂದು ಕೈ ಕಂಡಿತು. ಆಮೇಲೆಯೇ ಕಾರು ಗೇಟಿನೊಳಗೆ ಹೋಯಿತು. ಈ ಬೀದಿಯಲ್ಲಿ ಯಾರೇ ಮನೆಗೆ ಬಂದರೂ, ಬೆನ್ನು ಹತ್ತಿ ಯಾರೂ ಬಂದಿಲ್ಲವೆಂದು ಪಕ್ಕದವರು ಒಮ್ಮೆ ನೋಡಬೇಕಂತೆ. ನಮ್ಮೂರು ದಂಡೋತಿಯಲ್ಲಿಯೂ ಬಂದವರನ್ನೆಲ್ಲ ಪಕ್ಕದವರು ನೋಡುತ್ತಾರೆ. ಆದರೆ ಅದು ಯಾರು ಬಂದರೆಂದು ತಿಳಿಯಲು.

ಮೂರನೆಯ ರೋಬೋಟ್, ಜೂನ್ 12

ಹಾಲು ತರಲು ನಡೆದೇ ಹೋಗುತ್ತೇನೆಂದೆ. ದಾರಿ ಹೇಳಿದವರು ಪಕ್ಕದ ಮನೆಯ ನಾಯ್ಡು ಆಂಟಿ. ವಯಸ್ಸು ಎಪ್ಪತ್ತೊಂದು. ಕಬ್ಬಿನ ತೋಟದ ಕೆಲಸಕ್ಕೆಂದು ಅವರ ಹಿರಿಯರು ಹಡಗು ಹತ್ತಿ ಬಂದು ನಾಲ್ಕು ತಲೆಮಾರು ಕಳೆದಿವೆ. ತೆಲುಗಿನಲ್ಲಿ ಅವರಿಗೆ ಉಳಿದಿರುವುದು ‘ರಾ ರಾ’, ‘ಕೂರ್ಚೋ’, ‘ತಿನು’ ಇಷ್ಟೇ. ಉಳಿದದ್ದೆಲ್ಲ ಇಂಗ್ಲಿಷು. ಮೂರನೆಯ ರೋಬೋಟ್ ಸಿಕ್ಕ ಕೂಡಲೇ ಎಡಕ್ಕೆ ತಿರುಗು ಎಂದರು.

ರೋಬೋಟನ್ನು ಹುಡುಕುತ್ತ ನಾನು ಎರಡು ಕಿಲೋಮೀಟರು ನಡೆದೆ. ಒಂದು ಅಂಗಡಿಯ ಮುಂದೆ ಗಾಳಿ ತುಂಬಿದ ದೊಡ್ಡ ಬೊಂಬೆ ಕುಣಿಯುತ್ತಿತ್ತು. ಅದನ್ನು ಒಂದು ಎಂದು ಹಿಡಿದೆ. ಎರಡನೆಯದು ಸಿಗಲೇ ಇಲ್ಲ. ಇಲ್ಲಿನವರು ಟ್ರಾಫಿಕ್ ಸಿಗ್ನಲ್ಲಿಗೆ ರೋಬೋಟ್ ಎನ್ನುತ್ತಾರೆಂದು ಒಬ್ಬ ಪೊಲೀಸನು ತಿಳಿಸಿದ. ತಡವಾಗಿ ಬಂದು ಕತೆ ಹೇಳಿದಾಗ ಆಂಟಿ ‘ಶೇಮ್’ ಎಂದರು. ನನಗೆ ಕೋಪ ಬಂತು. ದಾರಿ ತಪ್ಪಿದ್ದರಲ್ಲಿ ನಾಚಿಕೆಗೇಡು ಏನಿದೆ? ಕಾಕು ಒಳಗೆ ಕರೆದು ಹೇಳಿದಳು, ಇಲ್ಲಿ ಹಾಗೆಂದರೆ ‘ಅಯ್ಯೋ ಪಾಪ’ ಅಂತ. ಕಾಕಾ ಸತ್ತ ದಿನ ಇಡೀ ಬೀದಿ ಬಂದು ಆ ಒಂದು ಶಬ್ದವನ್ನೇ ಹೇಳಿ ಹೋಯಿತಂತೆ. “ಆರು ವರ್ಷ ಆದ್ರೂ ಅವತ್ತು ನಂಗ ಅದು ಬೈದಂಗೇ ಕೇಳ್ಸ್ತು,” ಎಂದಳು.

ಬಾಗಿಲಿನ ಒಳಗೆ ನಿಂತಿದ್ದ ಸುಜಾತಾ ನನ್ನ ರೋಬೋಟಿನ ಕತೆಗೆ ಮೊದಲ ಸಲ ನಕ್ಕಳು. ಮುಂಬಾಗಿಲಿನಿಂದ ಆರು ಹೆಜ್ಜೆ ಹಿಂದೆ ನಿಂತಿದ್ದಳು. ಮೂರು ದಿನ ಗಮನಿಸಿದೆ. ಆ ಆರು ಹೆಜ್ಜೆ ಅವಳು ಎಂದೂ ಕಡಿಮೆ ಮಾಡಲಿಲ್ಲ.

ಜಾಲರಿ, ಜೂನ್ 14

ಮುಂಬಾಗಿಲಿಗೆ ಹೊರಗಡೆಯಿಂದ ಕಬ್ಬಿಣದ ಜಾಲರಿ ಇದೆ. ನಮ್ಮಲ್ಲಿ ಬಂಗಾರದ ಅಂಗಡಿಗೆ ಇರುತ್ತದಲ್ಲ, ಮಡಚಿಕೊಂಡು ಪಕ್ಕಕ್ಕೆ ಸರಿಯುವಂಥದು. ಎಳೆದರೆ ತಾನೇ ಬೀಗ ಬೀಳುತ್ತದೆ. ತೆಗೆಯಲು ಕೀಲಿಕೈ ಬೇಕು. ಬೀದಿಯ ಹದಿನಾಲ್ಕು ಮನೆಗಳಿಗೂ ಇದೆ. ನಾನು ಸುತ್ತಿ ಬರೆದುಕೊಂಡ ಉಳಿದ ವಿಷಯ: ಮೂರು ಮನೆಗಳಲ್ಲಿ ಗುಂಡಿಗೆ ಸಿಕ್ಕವರ ಫೋಟೋ ಇದೆ. ನಾಯ್ಡು ಆಂಟಿಯ ಮಗ ಹನ್ನೊಂದು ವರ್ಷದ ಹಿಂದೆ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದಾಗ ಹೋದವನು. ಅವನ ಕ್ರಿಕೆಟ್ ಬ್ಯಾಟು ಈಗಲೂ ಬಾಗಿಲ ಹಿಂದಿದೆ. ಮಕ್ಕಳ ಹುಟ್ಟುಹಬ್ಬವನ್ನು ಮಧ್ಯಾಹ್ನವೇ ಮುಗಿಸುತ್ತಾರೆ. ಮನೆಯ ಮುಂದಿನ ಕಟ್ಟೆಗಳ ಮೇಲೆ ಹೂಕುಂಡಗಳಿವೆ, ಕೂತವರಿಲ್ಲ. ಕಾಕಾ ವಾರಕ್ಕೆ ಮೂರು ಸಂಜೆ ಬೀದಿಯ ಏಳು ಮಕ್ಕಳಿಗೆ ಮುಂದಿನ ಕೋಣೆಯಲ್ಲಿ ಪುಕ್ಕಟೆ ಗಣಿತ ಹೇಳಿಕೊಡುತ್ತಿದ್ದ. ಕರಿಹಲಗೆಯ ಮೇಲೆ ಅವನ ಅಕ್ಷರ ಇನ್ನೂ ಅಳಿಸಿಲ್ಲ. ಆ ಏಳೂ ಮಕ್ಕಳು ಈಗ ಈ ಮನೆಯ ಎದುರು ಬಂದಾಗ ರಸ್ತೆಯ ಆಚೆ ಬದಿಗೆ ದಾಟಿ ನಡೆಯುತ್ತಾರೆ.

ಆ ಸಂಜೆ ಎಷ್ಟು ಗುಂಡು ಎಂದು ಕಾಕುವನ್ನು ಕೇಳಿದೆ. ಇದು ನನ್ನ ಕಸುಬಿನ ಪ್ರಶ್ನೆ, ಕೇಳಲು ಹಿಂಜರಿಯಲಿಲ್ಲ. ನಾಲ್ಕು ಎಂದಳು. ಪೊಲೀಸರ ಕಾಗದದಲ್ಲಿ ಮೂರು ಇತ್ತು: ಗುಂಡಿನ ಮೂರು ಖಾಲಿ ಕೊಳವೆ, ಮೂರು ಗಾಯ. ನಾಲ್ಕನೆಯದು ಎಲ್ಲಿ ಹೋಯಿತೆಂದು ನಾನು ಗೋಡೆ, ಕಂಬ, ಕಾಂಪೌಂಡು ಎಲ್ಲವನ್ನೂ ಸೀಮೆಸುಣ್ಣದಿಂದ ಚೌಕ ಹಾಕಿ ನೋಡಿದೆ. ಒಟ್ಟು 118 ಚೌಕ. ಎಲ್ಲಿಯೂ ಗುಂಡು ತಗುಲಿದ ಗುರುತಿಲ್ಲ. ಹೇಳಿದಾಗ ಕಾಕು ಅಕ್ಕಿ ತೊಳೆಯುತ್ತಿದ್ದಳು, ತಿರುಗಿ ನೋಡಲಿಲ್ಲ.

“ನಾಕು ಅಂತ ಬರಕೋ, ಮಿಲಿಂದ.”

ನಾಲ್ಕು ಎಂದು ಬರೆದೆ. ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಪಕ್ಕದ ಮನೆ, ಜೂನ್ 17

ನಾಯ್ಡು ಆಂಟಿ ‘ಜಸ್ಟ್ ನೌ’ ಬರುತ್ತೇನೆಂದು ಮೂರು ತಾಸು ಬರಲಿಲ್ಲ. ಇಲ್ಲಿ ಆ ಮಾತಿಗೆ ಯಾವಾಗಲಾದರೂ ಎಂದು ಅರ್ಥ. ನಮ್ಮಲ್ಲಿ ‘ಈಗ ಬಂದ್ನಿ’ ಅಂದವರಿಗೂ ಇಷ್ಟೇ ಹೊತ್ತು ಬೇಕು. ಹಾಗಾಗಿ ಕಾಯುವುದು ಕಷ್ಟವೆನಿಸಲಿಲ್ಲ, ಕೊನೆಗೆ ನಾನೇ ಅವರ ಮನೆಗೆ ಹೋದೆ.

ಕಾಕಾ ಸತ್ತ ಸಂಜೆ ಆಂಟಿ ಟಿವಿಯ ಮುಂದೆ ಬೀನ್ಸ್ ಸೋಸುತ್ತಿದ್ದರಂತೆ. ಜಾಹೀರಾತು ಬಂತೆಂದು ಸದ್ದು ಬಂದ್ ಮಾಡಿದ್ದರು, ಅದರಿಂದ ಚೆನ್ನಾಗಿ ಕೇಳಿಸಿತು. ಎಷ್ಟು ಎಂದು ಕೇಳದೆ, ಚಪ್ಪಾಳೆ ತಟ್ಟಿ ತೋರಿಸಿ ಎಂದೆ. ಅವರು ಒಂದರ ಹಿಂದೊಂದು ಮೂರು ತಟ್ಟಿದರು, ಉಸಿರು ಬಿಡುವಷ್ಟೂ ನಡುವೆ ಸಮಯವಿಲ್ಲ. ಸ್ವಲ್ಪ ಸುಮ್ಮನಿದ್ದು, ಎದ್ದು ತಮ್ಮದೇ ಜಾಲರಿಯನ್ನು ದಡಾರನೆ ಎಳೆದರು. ನಾಲ್ಕನೆಯದು ಹೀಗಿತ್ತು ಎಂದರು. ಅದು ಗುಂಡಲ್ಲವೆಂದು ತಮಗೆ ಅಂದೇ ಗೊತ್ತಿತ್ತಂತೆ. ಆದರೆ ರಮಾ ನಾಲ್ಕು ಗುಂಡು ಎಂದು ಹೇಳುವಾಗ ತಾವೇಕೆ ಎದುರು ಹೇಳಬೇಕು?

ಅಲ್ಲಿಂದ ಮನೆಗೆ ಹದಿನೆಂಟು ಹೆಜ್ಜೆ. ಲೆಕ್ಕ ತಾಳೆಯಾಯಿತೆಂಬ ಖುಷಿಯಲ್ಲಿ ಹತ್ತು ಹೆಜ್ಜೆ ಬಂದೆ. ಹನ್ನೊಂದನೆಯದರಲ್ಲಿ ನಿಂತೆ. ಜಾಲರಿ ಎಳೆದವರು ಯಾರು? ಕಾಕಾ ಹೊರಗಿದ್ದ. ಕಾಕು ಅಡಿಗೆಮನೆಯಲ್ಲಿದ್ದಳು.

ಬೆರಳುಗಳು, ಜೂನ್ 22

ಐದು ದಿನ ನಾನು ಏನೂ ಕೇಳಲಿಲ್ಲ. ರವಿವಾರ ಬೆಳಿಗ್ಗೆ ಬುದ್ಧವಂದನೆ ಮುಗಿದ ಮೇಲೆ ಮೂವರೂ ಅಡಿಗೆಮನೆಯಲ್ಲಿ ಉಳಿದ ರೊಟ್ಟಿ ಮುರಿದು ತಿನ್ನುತ್ತಿದ್ದೆವು. ಗಣಿಯಲ್ಲಿ ದಿನವಿಡೀ ಏನು ಮಾಡುತ್ತೀ ಎಂದು ಸುಜಾತಾಳೇ ಕೇಳಿದಳು. ಮೇಸ್ತ್ರಿ ಖಾಜಾಸಾಬರ ವಿಷಯ ಹೇಳಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸ್ಫೋಟಗಳನ್ನು ಬಾಯಲ್ಲಿ ಎಣಿಸುತ್ತಿದ್ದೆ, ಯಾವಾಗಲೂ ಒಂದು ತಪ್ಪುತ್ತಿತ್ತು. ಅವರು ನನ್ನ ಬಾಯಿ ಮುಚ್ಚಿಸಿ, “ಬಾಯಿ ಹಿಂದ ಬೀಳ್ತದ ಬೇಟಾ, ಬೆರಳ ಮಡಚ್ಕೋತ ಹೋಗು,” ಎಂದಿದ್ದರು. ಒಂದು ಸಪ್ಪಳಕ್ಕೆ ಒಂದು ಬೆರಳು. ಯೋಚಿಸಬಾರದು. ಎಲ್ಲ ಮುಗಿದ ಮೇಲೆ ಕೈ ನೋಡಿಕೊಳ್ಳಬೇಕು.

ಸುಜಾತಾ ಮತ್ತೊಮ್ಮೆ ತೋರಿಸು ಎಂದಳು. ತೋರಿಸಿದೆ. ಅವಳು ಬಲಗೈಯನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿದಳು. ಹೆಬ್ಬೆರಳು ಮಡಚಿದಳು. ತೋರುಬೆರಳು ಮಡಚಿದಳು. ಆಮೇಲೆ ಎಡಗೈಯಿಂದ ಮೇಜನ್ನು ಗುದ್ದಿದಳು, ತಟ್ಟೆಗಳು ಕುಣಿದವು. ಕೊನೆಗೆ ನಡುಬೆರಳು ಮಡಚಿದಳು.

“ಮೂರನೇದು ಬಾಗಿಲ, ಅಣ್ಣಾ. ನಾ ಎಳದಿದ್ದು. ಪಪ್ಪಾ ಇನ್ನಾ ಓಡಿ ಬರಾಕತ್ತಿದ್ದ.”

ಕಾಕು ಎದ್ದು ಬಂದು ಅವಳ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಜಾಲರಿಯ ಸಪ್ಪಳ ತನಗೆ ಗುರುತಿತ್ತು, ಆರು ವರ್ಷದಿಂದ ಕೇಳಿದ್ದು, ಎಂದಳು. ಮಗಳ ಬಾಗಿಲು ಯಾರ ಕಿವಿಗೂ ಬೀಳಬಾರದೆಂದು ಪೊಲೀಸರಿಗೆ ನಾಲ್ಕು ಗುಂಡು ಎಂದು ಹೇಳಿದವಳೇ ಅವಳು. ಒಲೆಯ ಮೇಲೆ ಕುಕ್ಕರ್ ಇತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತನಗೆ ನಿಜವಾಗಿಯೂ ತಿಳಿಯದು ಎಂದಳು.

ಆ ನಿಯಮ ಕಾಕಾನದೇ. ಸದ್ದು ಕೇಳಿದರೆ ಮೊದಲು ಜಾಲರಿ ಎಳೆ, ಆಮೇಲೆ ನೋಡು, ನಾನು ಹೊರಗಿದ್ದರೂ ಸರಿ. ಬೀದಿಯ ಎಲ್ಲ ಮನೆಗಳಲ್ಲಿಯೂ ಮಕ್ಕಳಿಗೆ ಇದನ್ನು ಕಲಿಸುತ್ತಾರೆ. ಕಾಕಾ ರವಿವಾರಗಳಲ್ಲಿ ಗಡಿಯಾರ ಹಿಡಿದು ಅಭ್ಯಾಸ ಮಾಡಿಸುತ್ತಿದ್ದನಂತೆ. ಚೆನ್ನಾಗಿ ಓಡಿದ ದಿನ ಶಾಬಾಶ್ ಎನ್ನುತ್ತಿದ್ದನಂತೆ.

ಏಳು ಓಟ, ಜೂನ್ 24

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಅಳೆಯಲು ಬರುತ್ತದೆ. ನಾಯ್ಡು ಆಂಟಿಯ ಚಪ್ಪಾಳೆಯನ್ನು ಇನ್ನೂ ಮೂರು ಸಲ ತಟ್ಟಿಸಿ ಗಡಿಯಾರದಲ್ಲಿ ಅಳೆದಿದ್ದೆ: ಮೊದಲನೆಯದರಿಂದ ಮೂರನೆಯದಕ್ಕೆ ಎರಡು ಸೆಕೆಂಡು ದಾಟುವುದಿಲ್ಲ. ಸುಜಾತಾ ಅಂದು ಕರಿಹಲಗೆಯ ಕೆಳಗಿನ ಮೇಜಿನಲ್ಲಿ ಲೆಕ್ಕ ಮಾಡುತ್ತ ಕೂತಿದ್ದಳು. ಅಲ್ಲಿಂದ ಎದ್ದು, ಓಡಿ, ಜಾಲರಿ ಎಳೆಯಲು ಎಷ್ಟು ಹಿಡಿಯುತ್ತದೆ? ಎರಡು ಸೆಕೆಂಡಿಗಿಂತ ಹೆಚ್ಚಾದರೆ ಬಾಗಿಲು ಮೂರನೆಯ ಸಪ್ಪಳವಾಗಲು ಸಾಧ್ಯವೇ ಇಲ್ಲ.

ಹೇಳಿದೆ. ಓಡಿ ಅಳೆದು ನೋಡೋಣ ಎಂದದ್ದಕ್ಕೆ ಕಾಕು ನನ್ನನ್ನು ಬೈದಳು. ಸುಜಾತಾ ಗಣಿತ ಮೇಷ್ಟ್ರ ಮಗಳು, ಕರಿಹಲಗೆಯ ಕಡೆ ನೋಡಿ, “ನೀ ಓಡಿದ್ರ ನಡಿಯಂಗಿಲ್ಲ. ನಿನ್ನ ಕಾಲು ಉದ್ದ ಅದಾವ,” ಎಂದಳು.

ಮೊದಲ ಸಲ ಆರು ಹೆಜ್ಜೆಯ ಗೆರೆಯಲ್ಲಿ ನಿಂತಳು. ಎರಡನೆಯ ಸಲ ಜಾಲರಿಯನ್ನು ಮುಟ್ಟಿದಳು, ಎಳೆಯಲಿಲ್ಲ. ಮೂರನೆಯ ಸಲ ಎಳೆದಳು: 4.9 ಸೆಕೆಂಡು. ಆ ದಡಾರ್ ಸಪ್ಪಳಕ್ಕೆ ನಾಯ್ಡು ಆಂಟಿ ಕ್ರಿಕೆಟ್ ಬ್ಯಾಟು ಹಿಡಿದುಕೊಂಡು ಅಂಗಳಕ್ಕೆ ಬಂದರು. ಎದುರು ಮನೆಯ ಅಲಾರ್ಮ್ ಹೊಡೆದುಕೊಂಡಿತು. ಬೀದಿಯ ಫೋನುಗಳಿಗೆಲ್ಲ ಸಂದೇಶ ಹೋಯಿತು. ನಾನು ಪ್ರತಿ ಮನೆಯ ಮುಂದೆ ನಿಂತು ಪ್ರಯೋಗ ನಡೆದಿದೆ, ಇನ್ನೂ ನಾಲ್ಕು ಸಪ್ಪಳ ಬಾಕಿ ಇವೆ, ಹೆದರಬೇಡಿ ಎಂದು ಹೇಳಿ ಬಂದೆ. ನಮ್ಮ ಗಣಿಯಲ್ಲಿ ಸೈರನ್ ಮಾಡುವ ಕೆಲಸವನ್ನು ಇಲ್ಲಿ ನಾನು ಮಾಡಿದೆ. ತಿರುಗಿ ಬರುವಾಗ ಹಿಂದೆ ಕಾಕಾನ ಪಾಠದ ಏಳರಲ್ಲಿ ಐದು ಮಕ್ಕಳು ಇದ್ದರು. ಅವರು ಅಂಗಳದಲ್ಲಿ ಸಾಲಾಗಿ ನಿಂತರು. ಒಬ್ಬಳು ತನ್ನ ಫೋನಿನ ಗಡಿಯಾರ ಹಿಡಿದಳು.

ಒಟ್ಟು ಏಳು ಓಟ. ಎಲ್ಲಕ್ಕಿಂತ ಕಡಿಮೆ 4.1. ಏಳನೆಯದು ಮುಗಿದಾಗ ಜಾಲರಿಯ ಬೀಗ ಬಿದ್ದಿತ್ತು, ಮಕ್ಕಳು ಹೊರಗಿದ್ದರು, ಅವಳು ಒಳಗಿದ್ದಳು. ಕೀಲಿಕೈ ತಂದಳು, ತೆಗೆದಳು, ಗಡಿಯಾರದ ಅಂಕಿ ತಾನೇ ನೋಡಬೇಕೆಂದು ಅಂಗಳಕ್ಕೆ ಇಳಿದಳು. ನೂರಾ ಮೂರನೆಯ ದಿನ, ಮಧ್ಯಾಹ್ನ 3:25. ನಾನು ಸಮಯ ಬರೆದುಕೊಳ್ಳುತ್ತಿರುವುದನ್ನು ಕಂಡು ಕಾಕು ಮುಖ ತಿರುಗಿಸಿಕೊಂಡಳು.

ನನ್ನ ಲೆಕ್ಕ ಅಲ್ಲಿಗೆ ಮುಗಿದಿತ್ತು. ಅವಳದು ಮುಗಿಯಲಿಲ್ಲ. ಆಂಟಿಯ ಚಪ್ಪಾಳೆ ಸರಿಯಾಗಿದ್ದರೆ ಮಾತ್ರ ಇದೆಲ್ಲ ಸರಿ ಎಂದಳು. ತನ್ನ ಬೆರಳು ಒಂದು ಹೇಳುತ್ತದೆ, ಆಂಟಿಯ ಕೈ ಇನ್ನೊಂದು ಹೇಳುತ್ತದೆ, ಒಬ್ಬರ ಎದುರು ಒಬ್ಬರು. ಇನ್ನೊಂದು ಸಾಕ್ಷಿ ಬೇಕು. ನಾನು ಇಲ್ಲವೆಂದೆ. ಅವಳು ಇದೆ ಎಂದಳು.

ಪಪ್ಪಾ ಫೋನಿನಲ್ಲಿ ಊರ ಕಡೆಯ ಯಾರೊಡನೆಯೋ ಮಾತಾಡುತ್ತಿದ್ದ, ಕನ್ನಡದಲ್ಲಿ. ನಗುತ್ತಿದ್ದ. ಅವಳು ಕೇಳಿಸಿಕೊಂಡ ಕೊನೆಯ ಮಾತು ಅವಳಿಗೆ ಅಕ್ಷರಕ್ಕಕ್ಷರ ನೆನಪಿತ್ತು: “ಹಲಗಿ ಕೇಳ್ಸಾಕತ್ತದೋ, ಫೋನ್ ಜರಾ ಹೊರಗ ಹಿಡಿ.”

ಸೇಡಂ, ಚಿತ್ತಾಪುರ, ಶಹಾಬಾದ, ಚಂದಾಪುರ

ಜುಲೈ 3ಕ್ಕೆ ವಾಡಿಗೆ ಮರಳಿದೆ. ಅಂದಿನಿಂದ ಈ ಕೆಲಸ ಹಿಡಿದಿದ್ದೇನೆ. ಆ ಕರೆ ಇಂಟರ್ನೆಟ್ಟಿನಲ್ಲಿ ಹೋದದ್ದು. ಯಾರಿಗೆ ಎಂಬುದು ಅಲ್ಲಿನ ಫೋನ್ ಕಂಪನಿಯ ಬಳಿ ಇಲ್ಲ. ಫೋನು ಸಿಕ್ಕಿಲ್ಲ.

ಆ ಮಾರ್ಚ್ 13 ಕಾಮದಹನದ ದಿನ. ಅಲ್ಲಿ ಗುಂಡು ಹಾರಿದ ಸಂಜೆ 5:50 ಎಂದರೆ ನಮ್ಮಲ್ಲಿ ರಾತ್ರಿ 9:20, ಓಣಿ ಓಣಿಯಲ್ಲಿ ಚರ್ಮದ ಹಲಗಿ ಬಾರಿಸುವ ಹೊತ್ತು. ಹಲಗಿ ಬಾರಿಸುವುದನ್ನು ನಮ್ಮ ಮನೆತನ ಅಜ್ಜನ ಕಾಲಕ್ಕೇ ಬಿಟ್ಟಿತು, ಬುದ್ಧನ ಫೋಟೋ ಮನೆಗೆ ಬಂದ ವರ್ಷ. ಕಾಕಾ ಎಂದೂ ಬಾರಿಸಲಿಲ್ಲ. ಆದರೆ ದೂರದಲ್ಲಿ ಕೇಳಿದರೆ ಅವನ ಪಾದ ತಾಳ ಹಾಕುತ್ತಿತ್ತು. ಅಜ್ಜ ನೋಡಿಯೂ ನೋಡದ ಹಾಗೆ ಇರುತ್ತಿದ್ದ.

ಕಾಕಾ ಬಿ.ಎಡ್. ಮಾಡಿದ್ದು ಸೇಡಂನಲ್ಲಿ, ಪಾಠ ಮಾಡಿದ್ದು ಶಹಾಬಾದದಲ್ಲಿ ಎರಡು ವರ್ಷ, ಚಿಂಚೋಳಿಯ ಚಂದಾಪುರದಲ್ಲಿ ನಾಲ್ಕು ವರ್ಷ. ಗೆಳೆಯರ ಪಟ್ಟಿ ಮಾಡಿದೆ. ಒಟ್ಟು 63 ಹೆಸರು. ನಾನಲ್ಲ ಎಂದವರು 51. ಫೋನ್ ಎತ್ತದವರು 8. ನಂಬರ್ ಬದಲಾದವರು 4. ಸೇಡಂನ ಒಬ್ಬರು ನಲವತ್ತು ನಿಮಿಷ ಕಾಕಾನ ಸೈಕಲ್ಲಿನ ಕತೆ ಹೇಳಿ, ಕೊನೆಗೆ ತಾವು ಹತ್ತು ವರ್ಷದಿಂದ ಅವನೊಡನೆ ಮಾತೇ ಆಡಿಲ್ಲ ಎಂದರು. ಚಿತ್ತಾಪುರದ ಇಬ್ಬರು ಅತ್ತರು. ಖಾಜಾಸಾಬರು ಎಲ್ಲ ಕೇಳಿ, ಫೋನನ್ನು ಹಲಗಿಯ ಕಡೆ ಹಿಡಿದಿದ್ದರೆ ಆ ಗೆಳೆಯನ ಕಿವಿಗೆ ಏನೂ ಬಿದ್ದಿರಲಿಕ್ಕಿಲ್ಲ ಎಂದರು. ಇರಬಹುದು. ಅದೂ ಒಂದು ಉತ್ತರವೇ.

ಸುಜಾತಾ ಈಗ ಶಾಲೆಗೆ ಹೋಗುತ್ತಾಳೆ. ಊರಿಗೆ ಬನ್ನಿ ಎಂದರೆ ತಾಯಿಮಗಳು ಇಬ್ಬರೂ ಒಲ್ಲೆ ಎಂದರು. ಬೀದಿಯ ಐದು ಮಕ್ಕಳಿಗೆ ಅವಳೇ ಲೆಕ್ಕ ಹೇಳಿಕೊಡಲು ಶುರು ಮಾಡಿದ್ದಾಳೆ. ಪ್ರತಿ ಸಂಜೆ ನನಗೆ ಒಂದು ಅಂಕಿ ಕಳಿಸುತ್ತಾಳೆ, ಅಂದು ಮುಂಬಾಗಿಲು ಎಷ್ಟು ಸಲ ದಾಟಿದಳೆಂದು. ನಿನ್ನೆಯದು 6. ಕೆಲವು ದಿನ ಸೊನ್ನೆಯೂ ಬರುತ್ತದೆ.

ಇದನ್ನು ಬರೆದು ಅಚ್ಚು ಹಾಕಿಸು ಎಂದವಳು ಅವಳೇ. ನನ್ನ ರಿಜಿಸ್ಟರಿನಲ್ಲಿ ಮೂರು ಗುಂಡು, ಆಮೇಲೆ ಬಾಗಿಲು ಎಂದು ಬರೆದು ಸಹಿ ಮಾಡಿದ್ದೇನೆ. ಅವಳು ಸಹಿ ಮಾಡಬೇಕಾದ ಜಾಗ ಖಾಲಿ ಇದೆ.

ಆದ್ದರಿಂದ, ಈ ಸಲದ ಕಾಮದಹನದ ದಿನ ಗೆಳೆಯನೊಬ್ಬನಿಗೆ ಕೇಳಿಸಲೆಂದು ಹಲಗಿಯ ಕಡೆಗೆ ಫೋನು ಹಿಡಿದವರು ನೀವಾಗಿದ್ದರೆ, ಅಥವಾ ಹಾಗೆ ಹಿಡಿದವರನ್ನು ನೀವು ಬಲ್ಲಿರಾದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಬರೆಯಿರಿ. ಸಪ್ಪಳ ಎಷ್ಟು ಎಂದು ಬೇಡ. ಯಾವುದರ ಹಿಂದೆ ಯಾವುದು ಎಂದಷ್ಟು ಸಾಕು. ಏನೂ ಕೇಳಿಸಲಿಲ್ಲವೆಂದರೆ ಅದನ್ನೇ ಬರೆಯಿರಿ. ‘ನನ್ನೊಡನೆ ಮಾತಾಡಲೆಂದೇ ಅವನು ಹೊರಗೆ ನಿಂತಿದ್ದ’ ಎಂಬ ಯೋಚನೆಯಿಂದ ನೀವು ಇಷ್ಟು ದಿನ ಸುಮ್ಮನಿದ್ದರೆ, ನಾನು ಹೊರಡುವ ದಿನ ಕಾಕು ನಿಮಗೆ ತಲುಪಿಸಲು ಕೊಟ್ಟ ಮಾತು ಇಲ್ಲಿದೆ: “ಅವ್ರು ಯಾರೇ ಇರ್ಲಿ, ಅವ್ರಿಗಿ ಹೇಳು. ಆವಾಗ ನಮ್ಮವ್ರು ನಗಾಕತ್ತಿದ್ರು.”